ನಾಲ್ಕನೆಯ ನಟ್ಟು

ಯಂತ್ರ ಸಣ್ಣಗೆ ಗುನುಗಿತು. ಮೂವತ್ತು ವರ್ಷ ಉಪ್ಪುನೀರು ಕುಡಿದು ಬೋಲ್ಟಿಗೇ ಬೆಸೆದುಕೊಂಡಿದ್ದ ನಟ್ಟು, ಏನೂ ಆಗದ ಹಾಗೆ ತಿರುಗಿತು.

“ಒಂದು ಬಂತು,” ಎಂದರು ಡಾ. ಇಂಪನಾ.

ಅದು 2062ನೇ ಇಸವಿ. ಗಂಗೊಳ್ಳಿ ಅಳಿವೆಯ ಹೂಳೆತ್ತುವಾಗ ಸಿಕ್ಕಿದ ‘ಜಲಜಾಕ್ಷಿ’ ಎಂಬ ಉಕ್ಕಿನ ಬೋಟು ದಡದ ಮೇಲೆ ಮಲಗಿತ್ತು. ಅದರ ಮುಂಗೋಣೆಯ ತಗಡು ಕತ್ತರಿಸಿ ಒಳಹೊಕ್ಕಿದ್ದರು. ಎದುರಿಗೆ ಕಬ್ಬಿಣದ ಬಾಗಿಲು, ಅದಕ್ಕೆ ನಾಲ್ಕು ನಟ್ಟು.

ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿ, ನಟ್ಟನ್ನು ಬೋಲ್ಟಿಗೆ ಕಚ್ಚಿಸಿಬಿಡುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಬೋಲ್ಟೇ ಮುರಿಯುತ್ತದೆ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಸಲೆಂದು ಇಂಪನಾ ಕಂಡುಹಿಡಿದ ಯಂತ್ರವೇ ‘ಮರುಗೈ’. ಲೋಹ ತಿಂದ ಒಂದೊಂದು ಎಳೆತ, ಒಂದೊಂದು ಪೆಟ್ಟು ತುಕ್ಕಿನಡಿಯಲ್ಲಿ ಸೂಕ್ಷ್ಮ ಗೀರಾಗಿ ಉಳಿದಿರುತ್ತದೆ. ಯಂತ್ರ ಅದನ್ನು ಓದಿ, ಸ್ಪ್ಯಾನರಿನ ಮೂಲಕ ಹಿಂದುಮುಂದಾಗಿ ಮರಳಿಸುತ್ತದೆ. ಕೊನೆಯದು ಮೊದಲು, ಮೊದಲಿನದು ಕೊನೆಗೆ. ಹಾಗೆ ಪದರ ಪದರವಾಗಿ ಹಿಡಿತ ಸಡಿಲುತ್ತದೆ. ಸ್ಪ್ಯಾನರ್ ಹಿಡಿದವರ ಅಂಗೈಗೆ ಹಿಂದೆ ಬಿಗಿದವರ ಕೈ ತಾಗುತ್ತದೆ ಎನ್ನುವುದು ಮಾತ್ರ ಇಂಪನಾ ಎಣಿಸದೇ ಇದ್ದ ಸಂಗತಿ.

ಆ ದಿನ ಸ್ಪ್ಯಾನರ್ ಹಿಡಿದದ್ದು ಸುಗುಣ. ಅವಳ ಗಂಡ ದಿನಕರ ಸತ್ತದ್ದು ಇದೇ ಕೋಣೆಯಲ್ಲಿ. ಸಿಕ್ಕಿದ ನಾಲ್ಕು ಎಲುಬಿಗೆ ಹಿಂದಿನ ವಾರ ಸಂಸ್ಕಾರ ಮುಗಿದಿತ್ತು. ಬಾಗಿಲನ್ನು ಗ್ಯಾಸಿನಲ್ಲಿ ಕತ್ತರಿಸಲು ಅವಳು ಬಿಟ್ಟಿರಲಿಲ್ಲ.

ಬಿರುಗಾಳಿಯಲ್ಲಿ ಬೋಟಿನ ಮುಂಗೋಣೆ ಒಡೆದು ನೀರು ನುಗ್ಗಿದಾಗ, ಉಳಿದವರು ದಾಟಿಕೊಳ್ಳಲಿ ಎಂದು ದಿನಕರ ಒಳಗಿನಿಂದಲೇ ಬಾಗಿಲು ಬಿಗಿದ. “ನಾ ಬಾಗ್ಲ್ ಬಡ್ದೆ, ಬಡ್ದೆ, ಅಣ್ಣ ತೆಗೀಲಿಲ್ಲ,” ಎಂದಿದ್ದ, ಬದುಕಿ ಬಂದ ತಮ್ಮ ಶೀನ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಬಡಿಯಲೂ ಇಲ್ಲ, ಕರೆಯಲೂ ಇಲ್ಲ, ತನ್ನ ಜೀವ ಉಳಿಸಿಕೊಂಡು ನೀರಿಗೆ ಹಾರಿದ ಎಂದಿತು ಊರು. ಸುಗುಣ ಅದನ್ನೇ ನಂಬಿದಳು. ಒಂದೇ ಬಾವಿಯ ನೀರು ಸೇದುತ್ತ ಮೂವತ್ತು ವರ್ಷ ಮೈದುನನ ಜತೆ ಮಾತು ಬಿಟ್ಟಳು.

ಈಗ ತಲೆನರೆತ ಮುದುಕನಾದ ಅವನೂ ಬಂದು ದೂರ ನಿಂತಿದ್ದ.

ಎರಡನೆಯದು ಬಂತು, ಮೂರನೆಯದೂ ಬಂತು. ಸುಗುಣಳ ಮುಖದಲ್ಲಿ ನಗುವಿನಂಥದ್ದು ಸುಳಿಯಿತು.

“ಅವ್ರದ್ದೇ ಕೈ ಅಮ್ಮ. ಬಿಗುದ್ ಆದ್ಮೇಲೆ ಒಂಚೂರ್ ಹಿಂದೆ ಬಿಡುದ್. ಮನೀಲಿ ಉಪ್ಪಿನಕಾಯಿ ಭರಣಿ ಮುಚ್ಳವೂ ಹಾಂಗೇ. ಬಿಗುದವ ಬಿಚ್ಚುವವನ್ನ ನೆನೀಬೇಕ್ ಅಂತಿದ್ರ್.”

ನಾಲ್ಕನೆಯದಕ್ಕೆ ಯಂತ್ರ ಜೋಡಿಸಿದರು. ಸ್ಪ್ಯಾನರ್ ತಿರುಗಲಿಲ್ಲ, ಅದುರಿತು. ಧಡ್, ಧಡ್, ಧಡ್. ಸುಗುಣ ಬೆಚ್ಚಿದಳು.

“ಇದೆಂತ?”

ಇಂಪನಾ ಪರದೆ ನೋಡಿ ಹೇಳಿದರು: “ಬಾಗಿಲಿಗೆ ಆಚೆ ಕಡೆಯಿಂದ, ಈ ನಟ್ಟಿನ ಹತ್ತಿರವೇ ಬಿದ್ದ ಪೆಟ್ಟು.”

ಅದು ನಿಲ್ಲಲೇ ಇಲ್ಲ. ಬರೀ ಪೆಟ್ಟು, ತುಂಬ ಹೊತ್ತು. ಆಮೇಲೆ ಪೆಟ್ಟುಗಳ ನಡುವೆ ಒಂದು ಎಳೆತ, ಮಗುವಿನ ಕೈಯಷ್ಟು ಸೋತದ್ದು. ಮತ್ತೊಂದು, ತುಸು ಗಟ್ಟಿ. ಇನ್ನೊಂದು, ಇನ್ನೂ ಗಟ್ಟಿ. ಎಲ್ಲವೂ ಬಿಚ್ಚುವ ದಿಕ್ಕಿನವು. ಯಂತ್ರ ಹಿಂದಕ್ಕೆ ನಡೆಯುತ್ತ ಸತ್ತವನಿಗೆ ಶಕ್ತಿ ತುಂಬುತ್ತಿತ್ತು. ಕಟ್ಟಕಡೆಗೆ ಆ ಮೊದಲ ಬಿಗಿತ ಬಂತು, ಪೂರಾ ಬಿಗಿತ. ಈ ಒಂದಕ್ಕೆ ದಿನಕರ ಒಂಚೂರು ಹಿಂದೆ ಬಿಟ್ಟಿರಲಿಲ್ಲ. ಇನ್ನು ಬಿಚ್ಚುವವರಿಲ್ಲ ಎಂದುಕೊಂಡಿದ್ದ.

ನಟ್ಟು ಕಳಚಿ ಸುಗುಣಳ ಕೈಗೆ ಬಿತ್ತು. ಅವಳು ಅಳುತ್ತಲೇ ತಿರುಗಿದಳು.

“ಶೀನಾ, ನೀ ಬಡ್ದದ್ ಅವ್ರಿಗೆ ಕೇಂಡಿತ್ತ್. ತೆಗೂಕೆ ನೋಡೀರ್, ಬರ್ಲಿಲ್ಲ. ಅವ್ರ್ ಕೈ ಸೋತ್ ಮೇಲೂ ನೀ ಬಡೀತಾ ಇದ್ದೆ.”

ಮೂವತ್ತು ವರ್ಷ ಕಾದ ಮಾತು ಅದು. ಕೇಳಿದ ಶೀನನ ಮುಖ ಅರಳಲಿಲ್ಲ. ತೆರೆದ ಬಾಗಿಲ ಆಚೆ ಬದಿಗೆ ಹೋಗಿ, ತಾನು ಬಡಿದ ಜಾಗದ ಮೇಲೆ ಅಂಗೈ ಇಟ್ಟ.

“ಅಣ್ಣ ಒಳಗಿಂದ ಎಳೀತಿದ್ದದ್ ನಂಗ್ ಗೊತ್ತಾಯ್ಲಿಲ್ಲ ಅತ್ತಿಗಿ,” ಎಂದ. “ಗೊತ್ತಾಗಿದ್ರೆ ನಾ ಹಾರ್ತಿರ್ಲಿಲ್ಲ.”

ಸುಗುಣ ಅವನ ಪಕ್ಕದಲ್ಲಿ ಹೋಗಿ ನಿಂತಳು.

ಮಾರಾಟದ ಯಂತ್ರಗಳಲ್ಲಿ ಕೈಗೆ ತಾಗುವ ಆ ಅದುರುವಿಕೆಯನ್ನು ಅಡಗಿಸಿಬಿಡಿ ಎಂದು ತಿಳಿದವರು ಹೇಳಿದರು. ಇಂಪನಾ ಅಡಗಿಸಲಿಲ್ಲ, ಬೇಡ ಎನ್ನುವವರು ನಿಲ್ಲಿಸಿಕೊಳ್ಳಲಿ ಎಂದು ಒಂದು ಗುಂಡಿ ಇಟ್ಟರು. ಆ ಕರಾವಳಿಯ ಬೋಟಿನವರು ಅಂದಿನಿಂದ ಯಾವ ನಟ್ಟನ್ನು ಬಿಗಿದರೂ ಒಂಚೂರು ಹಿಂದೆ ಬಿಡುತ್ತಾರಂತೆ.

ನೀವು ಇದನ್ನು ಓದುವ ಹೊತ್ತಿಗೆ ಮರುಗೈ ಇನ್ನೂ ಹುಟ್ಟಿಲ್ಲ. ಆದರೆ ಈ ಬೆಳಿಗ್ಗೆ ನೀವು ಸಿಟ್ಟಿನಲ್ಲಿ ಹಾಕಿಕೊಂಡ ಚಿಲಕದಲ್ಲಿ, ಆಚೆಯಿಂದ ಯಾರೋ ಬಡಿದ ಸದ್ದು ಆಗಲೇ ಗೀರಾಗಿ ಕೂತಿರಬಹುದು. ತುಕ್ಕು ಹಿಡಿಯಲು ಅದಕ್ಕೆ ಇನ್ನೂ ಸಮಯವಿದೆ.