ರೋಗದ ಸಾಲು

ತಳಿದರ್ಶಕದ ಮೂತಿ ಎಳೆಯ ರಾಗಿ ಪೈರಿಗೆ ತಾಗಿತು, ಕೆಂಪು ದೀಪ. ಮುಂದಿನದಕ್ಕೂ ಕೆಂಪು. ಎಲೆಯೊಳಗಿನ ವಂಶವಾಹಿಗಳನ್ನು ರೆಪ್ಪೆ ಬಡಿಯುವಷ್ಟರಲ್ಲಿ ಓದಿ, ಬೆಂಕಿರೋಗ ತಡೆಯುವ ಗಿಡಕ್ಕೆ ಹಸಿರು, ತಡೆಯದ್ದಕ್ಕೆ ಕೆಂಪು ತೋರಿಸುವ ಈ ಯಂತ್ರ ಬಂದ ಮೇಲೆ ತಳಿ ಸಂಶೋಧನಾ ಕೇಂದ್ರದಲ್ಲಿ ಯಾರೂ ಗಿಡದ ಮುಖ ನೋಡುತ್ತಿರಲಿಲ್ಲ.

“ಈ ಸಾಲು ಪೂರ್ತಿ ಕೀಳಿ,” ಎಂದ ವಿಜ್ಞಾನಿ ಡಾ. ಪ್ರಹ್ಲಾದ.

ಸಿದ್ದಗಂಗಮ್ಮ ಕದಲಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರಾಗಿ ಹೂಗಳಿಗೆ ಗಂಡು ಹೆಣ್ಣು ಕೂಡಿಸುವ ಕೆಲಸ ಅವಳದು. ಮೂವತ್ತು ವರ್ಷ ಪಳಗಿದ ಕೈ.

“ಅದು ರೋಗದ ಸಾಲು, ಸಾ. ಕಾಯಿಲೆ ಬೀಳ್ಲಿ ಅಂತ್ಲೇ ನೆಟ್ಟಿರೋದು. ಇದಕ್ಕೆ ಬಂದು, ಪಕ್ಕದವಕ್ಕೆ ಹಬ್ಬಿದ ಮೇಲೆ ಯಾವುದು ಉಳೀತು ಅಂತ ನೋಡೋದು.”

“ಅದೆಲ್ಲ ಹಳೇ ಕಾಲದ್ದು. ಈಗ ಗಿಡದ ಜಾತಕ ಯಂತ್ರವೇ ಓದುತ್ತೆ.”

“ಗಿಡದ್ದು ಓದ್ತದೆ. ರೋಗದ ಜಾತಕ ಯಾರು ಓದ್ತಾರೆ?”

ಉತ್ತರ ಹೊಳೆಯದ ಅಧಿಕಾರಿ ಮಾಡುವುದನ್ನೇ ಪ್ರಹ್ಲಾದ ಮಾಡಿದ: “ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ.”

ತಾನೇ ಬಗ್ಗಿ ಸಾಲು ಕಿತ್ತು ಬದುವಿಗೆಸೆದ. ಅವಳು ಒಂದೊಂದೇ ಪೈರು ಆಯ್ದು ಮಡಿಲಿಗೆ ಹಾಕಿಕೊಂಡಳು.

“ಆ ಕಸ ಏನ್ಮಾಡ್ತೀರಿ?”

“ಹಿತ್ತಿಲಲ್ಲಿ ನೆಡ್ತೀನಿ. ನಿಮ್ಮಪ್ಪನ ಗಂಟೇನು ಹೋಯ್ತು?”

ಹಸಿರು ದೀಪದ ತಳಿ ‘ಅಭಯ’ ನಾಡನ್ನೆಲ್ಲ ಆವರಿಸಿತು. ಬೆಂಕಿರೋಗದ ಶಿಲೀಂಧ್ರಕ್ಕೆ ತಿನ್ನಲು ಬೇರೇನೂ ಉಳಿಯಲಿಲ್ಲ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಅದು ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತ ಅಭಯವನ್ನೇ ತಿನ್ನಲು ಕಲಿತಿತು; ಕಲಿಯುವ ಭರದಲ್ಲಿ ಹಳೆಯ ರಾಗಿಯನ್ನು ತಿನ್ನುವ ವಿದ್ಯೆ ಕಳೆದುಕೊಂಡಿತು. ಐದನೆಯ ವರ್ಷ ಹೊಲಹೊಲಗಳಲ್ಲಿ ತೆನೆಯ ಕತ್ತು ಕಪ್ಪಾಗಿ ಮುರಿದು ಬಿತ್ತು. ತಳಿದರ್ಶಕ ಮಾತ್ರ ಸಾಯುತ್ತಿದ್ದ ಗಿಡಗಳಿಗೂ ಹಸಿರು ದೀಪ ಬೆಳಗಿಸುತ್ತಲೇ ಇತ್ತು.

ವರ್ಷವರ್ಷವೂ ಹಳೆಯ ಬೀಜವನ್ನೇ ಉಳಿಸಿ ಬಿತ್ತಿದ ಒಂದು ಹಿತ್ತಿಲಲ್ಲಿ ಮಾತ್ರ ರಾಗಿ ತೂಗುತ್ತಿದೆಯೆಂಬ ಸುದ್ದಿ ಕೇಂದ್ರಕ್ಕೆ ಮುಟ್ಟಿತು. ಪ್ರಹ್ಲಾದ ಬೇಲಿ ಸರಿಸಿಕೊಂಡು ಬಂದು, ಯಂತ್ರವನ್ನು ಎಲೆಗೆ ತಾಗಿಸಿದ. ಕೆಂಪು. ಇನ್ನೊಂದಕ್ಕೂ ಕೆಂಪು. ಗಿಡಗಳು ತುಂಬುದೆನೆ ಹೊತ್ತು ಸುಮ್ಮನೆ ನಿಂತಿದ್ದವು.

“ಕೆಂಪು ಬಂತಲ್ಲ ಸಾ, ಕೀಳ್ಲಾ?” ಬೆನ್ನ ಹಿಂದೆ ಸಿದ್ದಗಂಗಮ್ಮ.

“ಬೇಡ ಬೇಡ! ಇದನ್ನ ಅಭಯಕ್ಕೆ ಕೂಡಿಸಬೇಕು. ತಾಯಿಗಿಡ ಇದೇ ಆಗಬೇಕು. ಕೂಡಿಸೋಕೆ ನಿಮ್ಮ ಕೈಯೂ ಬೇಕು.”

“ಓಹೋ, ಹೆಣ್ಣು ಕೇಳೋಕೆ ಬಂದಿದೀರಿ! ಬಂದೋರು ಬೂಟು ಹಾಕ್ಕೊಂಡು ಬೇಲಿ ನುಗ್ತಾರಾ? ಸುತ್ತಾಕ್ಕೊಂಡು ಮುಂಬಾಗಿಲಿಗೆ ಬನ್ನಿ. ಕೊಡೋದು ಬಿಡೋದು ಆಮೇಲೆ ಹೇಳ್ತೀವಿ.”

ಪ್ರಹ್ಲಾದ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.