ಹಂದಿಗೂದಲಿನ ಬ್ರಶ್

“ಮಗೂ ತಲೆ ಬೇರೆ ಯಾವುದರಲ್ಲಾದ್ರೂ ಬಾಚು ತಾಯಿ. ಅದೊಂದನ್ನ ಮುಟ್ಟಬೇಡ.”

ಅತ್ತೆ ಹಾಗೆಂದದ್ದು ಬೀರುವಿನೊಳಗಿನ ಕತ್ತಲೆಗೆ, ಸೊಸೆಯ ಮುಖಕ್ಕಲ್ಲ. ಹಳೆಯ ಬಟ್ಟೆಗಳ ಹಿಂದೆ ಕರಿದಾರ ಸುತ್ತಿದ ಬ್ರಶ್ಶೊಂದು ಬೋರಲು ಬಿದ್ದಿತ್ತು. ಸೊಸೆ ಅದನ್ನು ಹೊರಗೆಳೆದು, ದಾರ ಬಿಚ್ಚಿ, ಬೆಳಕಿಗೆ ಹಿಡಿದಳು. ಮರದ ಹಿಡಿ, ಉಬ್ಬಿದ ರಬ್ಬರಿನ ಮೆತ್ತೆ, ಮೆತ್ತೆಯ ತುಂಬ ಒತ್ತೊತ್ತಾಗಿ ನೆಟ್ಟ ಹಂದಿಯ ಗಡಸು ಕೂದಲು.

“ನನ್ನಂಥ ನೆಟ್ಟಗಿನ ತೆಳು ಕೂದಲಿಗಾದ್ರೆ ಇದು ಸರಿ. ಬುಡದ ಎಣ್ಣೇನ ತುದಿವರೆಗೂ ಒಯ್ಯುತ್ತೆ. ಗುಂಗುರು ಕೂದಲಿಗೆ ಹಾಕಿದ್ರೆ ತಲೆ ಪೊದೆ ಆಗುತ್ತೆ. ಮಾಟನೂ ಇಲ್ಲ, ಮಣ್ಣೂ ಇಲ್ಲ ಅತ್ತೆ. ಬ್ರಶ್ ತಪ್ಪು, ಅಷ್ಟೆ.”

“ಆಸ್ಪತ್ರೇಲಿ ಮಲಗಿದ್ದಾಗ ಮೊದಲನೇ ಸೊಸೆ ಮಾಡಿಸಿದ್ದು. ಉದುರಿದ ಕೂದಲನ್ನೆಲ್ಲ ಆ ಮೆತ್ತೆಯೊಳಗೆ ತುಂಬಿಸಿದ್ಲು. ಮಾಟಗಾರನ ಹತ್ರ ಹೋಗಿ ಬಂದೋಳು ನಾನೇ.”

“ಏನಂತ ಮಾಡಿಸಿದ್ರು?”

“‘ನನ್ನ ಮಗಳ ತಲೆ ಸತ್ತ ಮೇಲೂ ನಾನೇ ಬಾಚಬೇಕು’ ಅಂತ.”

ಸೊಸೆ ನಕ್ಕಳು. ಆ ನಗುವಿನ ಅಡಿಯಲ್ಲಿದ್ದದ್ದು ಹೊಟ್ಟೆಕಿಚ್ಚು ಎಂಬುದು ಅವಳಿಗೆ ಗೊತ್ತಿತ್ತು. ಸತ್ತವಳು ಹಾಗೆ ಹಕ್ಕಿನಿಂದ ಕೇಳಬಲ್ಲಳು. ಎರಡನೆಯವಳಾಗಿ ಬಂದವಳು ಕೇಳುವುದಾದರೂ ಯಾರನ್ನು?

ಅವಳು ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ತಲೆಗೆ ಯಾವ ಬ್ರಶ್ ಎಂದು ಅವಳ ಕೈಗೆ ತಿಳಿಯುತ್ತಿತ್ತು. ಉದ್ದ ಕೂದಲಿಗೆ ಅಗಲ ಹಲಗೆಯದು, ಬಿಸಿಗಾಳಿ ಹಿಡಿದು ಬಾಗಿಸಲು ದುಂಡನೆಯದು, ಒದ್ದೆ ಕೂದಲಿಗೆ ಬಾಗುವ ಹಲ್ಲಿನದು. ಊರ ತಲೆಗಳೆಲ್ಲ ಒಲಿದಿದ್ದವು. ಮನೆಯ ಹುಡುಗಿಯ ತಲೆ ಒಲಿದಿರಲಿಲ್ಲ.

ಹುಡುಗಿಯದು ತಾಯಿಯದೇ ಕೂದಲು, ಸುರುಳಿ ಸುರುಳಿ. ತಾಯಿ ಸತ್ತ ಮೇಲೆ ಅದಕ್ಕೆ ಬಾಚಣಿಗೆ ತಾಕಿರಲಿಲ್ಲ. ಅಜ್ಜಿ ನೀರು ಚಿಮುಕಿಸಿ ಗಂಟು ಹಾಕುತ್ತಿದ್ದಳು. ಹಿಂದಲೆಯಲ್ಲಿ ಅದು ಕಂಬಳಿಯಂತೆ ಸಿಕ್ಕುಗಟ್ಟಿ ಹುಳಿವಾಸನೆ ಹೊಡೆಯುತ್ತಿತ್ತು.

“ನಾಳೆ ಬೋಳಿಸಿಬಿಡ್ತೀನಿ. ಶಾಲೆಯಿಂದ ಮತ್ತೆ ಹೇಳಿಕಳಿಸಿದಾರೆ,” ಎಂದಿದ್ದ ಗಂಡ.

ಹುಡುಗಿ ಅಳಲಿಲ್ಲ. “ಅಮ್ಮ ಬೆಳೆಸಿದ್ದು,” ಎಂದಷ್ಟೇ ಹೇಳಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಈ ಕೂದಲು ಹೋದರೆ ಮಗು ತನ್ನ ಕಡೆ ಎಂದೂ ತಿರುಗುವುದಿಲ್ಲ ಎಂದು ಸೊಸೆಗೆ ಅನ್ನಿಸಿತು. ಉಳಿಸಿಕೊಟ್ಟರೆ, ಯಾವತ್ತೋ ಒಂದು ದಿನ, ‘ಆಂಟಿ’ ಎನ್ನುವುದನ್ನು ಬಿಟ್ಟೀತು.

ಅಂದು ಮಧ್ಯಾಹ್ನ ಅವಳು ಬೀರುವಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ ಹುಡುಗಿಯನ್ನು ಕನ್ನಡಿಯೆದುರು ಕೂರಿಸಿಕೊಂಡಳು. ಕೂದಲು ನೆನೆಸಿ, ಕಂಡಿಷನರ್ ಹಚ್ಚಿ, ದೂರದೂರ ಹಲ್ಲಿನ ಬಾಚಣಿಗೆಯನ್ನು ತುದಿಗೆ ಇಟ್ಟಳು. ಗುಂಗುರನ್ನು ತುದಿಯಿಂದ ಬಿಡಿಸುತ್ತ ಬುಡಕ್ಕೆ ಹೋಗಬೇಕು. ಟಕ್. ಒಂದು ಹಲ್ಲು ಮುರಿಯಿತು. ಮತ್ತೊಂದು. ಬಾಗುವ ಹಲ್ಲಿನ ಬ್ರಶ್ ತೆಗೆದುಕೊಂಡಳು. ಹಲ್ಲುಗಳು ಕಿತ್ತುಬಂದು ಸಿಕ್ಕಿನಲ್ಲೇ ಉಳಿದವು.

“ನನ್ನ ತಲೆ ನಿಮ್ಮ ಪಾರ್ಲರಲ್ಲ ಆಂಟಿ.”

“ಗೊತ್ತು ಪುಟ್ಟಿ. ಪಾರ್ಲರಲ್ಲಿ ಯಾರ ಹತ್ರಾನೂ ಇಷ್ಟು ಬೈಸ್ಕೊಳ್ಳಲ್ಲ ನಾನು.”

ಹುಡುಗಿಯ ತುಟಿ ನಗಲೋ ಬೇಡವೋ ಎಂದು ಅಲುಗಿತು. ಆಮೇಲೆ ಮೆಲ್ಲಗೆ ಅಂದಳು. “ಅಮ್ಮನ ಬ್ರಶ್ಶಲ್ಲಿ ನೋವಾಗಲ್ಲ.”

ಒದ್ದೆ ಗುಂಗುರಿಗೆ ಹಂದಿಗೂದಲು. ಕಲಿತದ್ದೆಲ್ಲ ಬೇಡವೆಂದಿತು. ಆದರೂ ಅವಳು ಬೀರುವಿನಿಂದ ಬ್ರಶ್ ತೆಗೆದು ಸಿಕ್ಕಿನ ಬುಡಕ್ಕೇ ಒತ್ತಿದಳು.

ಅದು ಇಳಿಯಿತು. ನೀರಿನಲ್ಲಿ ಕೈ ಆಡಿಸಿದಷ್ಟು ಸಲೀಸಾಗಿ.

ಗಂಟುಗಳು ತಾವಾಗಿಯೇ ಸಡಿಲವಾದವು. ಸುರುಳಿಗಳು ಒಂದೊಂದಾಗಿ ಹೊಳೆಯುತ್ತ ಬಿದ್ದವು. ಹುಡುಗಿ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಆ ಪುಟ್ಟ ಭಾರ ಸೊಸೆಯ ಎದೆಗೆ ತಾಗಿತು.

ಆಗ ವಾಸನೆ ಬಂತು. ಆಸ್ಪತ್ರೆಯ ಸ್ಪಿರಿಟ್ಟು. ಅದರಡಿ, ತುಂಬ ದಿನ ಮಲಗಿದ ಮೈಯ ಕಮಟು. ಬಲ್ಬು ಮಂಕಾಯಿತು. ಅಂಗೈಯಲ್ಲಿ ಹಿಡಿ ಬೆಚ್ಚಗಾಯಿತು. ರಬ್ಬರಿನ ಮೆತ್ತೆ ಉಬ್ಬಿತು, ತಗ್ಗಿತು. ಮತ್ತೆ ಉಬ್ಬಿತು. ಉಸಿರಿನಂತೆ.

ಬಿಡಬೇಕು ಅಂದುಕೊಂಡಳು. ಬೆರಳು ಬಿಚ್ಚಲಿಲ್ಲ.

ಅವಳ ಕೈ ಪ್ರತಿ ಸುರುಳಿಯ ಕೊನೆಯನ್ನು ಕಿರುಬೆರಳಿಗೆ ಸುತ್ತಿ ಬಿಡುತ್ತಿತ್ತು. ಹಾಗೆ ಮಾಡಲು ಅವಳು ಕಲಿತಿರಲಿಲ್ಲ. ಗಂಟಲಿನಲ್ಲಿ ಒಂದು ರಾಗ ಗುನುಗುತ್ತಿತ್ತು. ಅದನ್ನು ಅವಳು ಕೇಳಿರಲಿಲ್ಲ. ಕತ್ತಿನ ಹಿಂದೆ ಏನೋ ಹರಿದಾಡಿತು. ಅವಳದೇ ಕೂದಲು. ನೆಟ್ಟಗಿನ ತೆಳು ಕೂದಲು. ಸುರುಳಿ ಸುತ್ತುತ್ತಿತ್ತು. ಕಿವಿಯನ್ನು ಸುತ್ತಿತು. ಕೆನ್ನೆಗೆ ಬಂತು. ಕೂಗಬೇಕು. ಬಾಯಿ ಅವಳದಾಗಿರಲಿಲ್ಲ.

“ಅಮ್ಮಾ,” ಎಂದಳು ಹುಡುಗಿ, ಕಣ್ಣು ಮುಚ್ಚಿಕೊಂಡೇ.

“ಏನು ಬಂಗಾರಿ?”

“ಆ ಆಂಟಿ ಹೋದ್ರಾ?”

“ಹೋದಳು,” ಎಂದಿತು ಅವಳ ಬಾಯಿ.

ಬಾಗಿಲು ಬಡಿದು ತೆರೆಯಿತು. ಅತ್ತೆ ಅವಳ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಕಿತ್ತಂತೆ ಬಿಚ್ಚಿದಳು. ಒಂದು ಬೆರಳು ಮುರಿದ ಸದ್ದು ಕೇಳಿತು. ಬ್ರಶ್ ಅತ್ತೆಯ ಕೈಗೆ ಬಂತು. ಬಲ್ಬು ಹೊತ್ತಿಕೊಂಡಿತು. ಸೊಸೆ ನೆಲಕ್ಕೆ ಕುಸಿದು, ತನ್ನದೇ ಉಸಿರನ್ನು ಎಳೆದುಕೊಂಡಳು. ಅವಳ ತಲೆಯ ಅರ್ಧ ಕೂದಲು ಗುಂಗುರಾಗಿಯೇ ಉಳಿದಿತ್ತು.

ಹುಡುಗಿ ಕಣ್ಣು ಬಿಟ್ಟು ಹಿಂದೆ ತಿರುಗಿದಳು. ಅವಳ ಮುಖದ ಬೆಳಕು ಸುಮ್ಮನೆ ಆರಿಹೋಯಿತು.

“ಅಜ್ಜಿ, ಆಂಟಿ ವಾಪಸ್ ಬಂದ್ಬಿಟ್ರು.”

ಈಗ ಅವಳು ಅತ್ತಳು. ಬಿಕ್ಕಿ ಬಿಕ್ಕಿ, ಇನ್ನೊಮ್ಮೆ ತಾಯಿ ಸತ್ತಳೇನೋ ಎನ್ನುವಂತೆ. ತಲೆಯ ಒಂದು ಪಕ್ಕ ಸುರುಳಿಗಳು ಹೊಳೆಯುತ್ತಿದ್ದವು, ಇನ್ನೊಂದು ಪಕ್ಕ ಸಿಕ್ಕು. ಅತ್ತೆ ಬ್ರಶ್ಶನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಒಲೆಗೆ ಹಾಕ್ತೀನಿ. ಬೋಳಿಸಿದ್ರೆ ಬೋಳಿಸ್ಲಿ. ಮತ್ತೆ ಬೆಳೆಯುತ್ತೆ.”

ಸೊಸೆ ಗೋಡೆ ಹಿಡಿದು ಎದ್ದಳು. ಈ ಮನೆಯಲ್ಲಿ ಯಾರೂ ಅವಳಿಗೆ ಹಾಗೆ ಕಣ್ಣು ಮುಚ್ಚಿ ಒರಗಿರಲಿಲ್ಲ. ಒರಗಿದ್ದು ಅವಳಿಗಲ್ಲ ನಿಜ. ತಾಗಿದ್ದು ಮಾತ್ರ ಅವಳ ಎದೆಗೆ.

“ಕೊಡಿ ಅತ್ತೆ. ಇನ್ನರ್ಧ ಬಾಕಿ ಇದೆ.”

“ಪೂರ್ತಿ ಮುಗಿಸಿದ್ರೆ ನೀನು ಉಳಿಯಲ್ಲ ಕಣೇ.”

ಅವಳು ಬೆರಳು ಮುರಿಯದ ಕೈಯನ್ನು ಚಾಚಿಯೇ ಇದ್ದಳು. ಕನ್ನಡಿಯೆದುರು ಹುಡುಗಿ ಕಣ್ಣೊರೆಸಿಕೊಂಡು, ಸಿಕ್ಕಿನ ಪಕ್ಕವನ್ನು ಅವಳ ಕಡೆಗೆ ತಿರುಗಿಸಿ, ಕಾಯುತ್ತ ಕೂತಳು.