ನೀರಾ ಬರುತ್ತಾಳೆ

ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು ತುಂಬಿದಾಗ ನನ್ನನ್ನು ಮುಂಬೈ ಹತ್ತಿರದ ಕಲ್ಯಾಣದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಹತ್ತೊಂಬತ್ತು ದಿನ ಇಟ್ಟಿದ್ದರು. ಗಂಟಲಲ್ಲಿ ನಳಿಗೆ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ಎಡಗಡೆ, ಪರದೆಯ ಆಚೆ, ನಮ್ಮ ವಿಜಯಪುರದ ಕಡೆಯ ಮುದುಕಿಯೊಬ್ಬಳು ಒಂದೇ ಸಮನೆ ಕೇಳುತ್ತಿದ್ದಳು, "ನೀರ... ಯವ್ವಾ, ನೀರ..."

ಮರಾಠಿ ನರ್ಸ್ ಅದನ್ನು ಮಗಳ ಹೆಸರು ಅಂದುಕೊಂಡಳು. "ನೀರಾ ಯೇಈಲ್ ಹಾಂ, ಆಜಿ," ನೀರಾ ಬರುತ್ತಾಳೆ ಎಂದು ಪ್ರೀತಿಯಿಂದಲೇ ಸಮಾಧಾನ ಮಾಡುತ್ತಿದ್ದಳು. ಅಲ್ಲಿ ಕನ್ನಡ ತಿಳಿದವಳು ನಾನೊಬ್ಬಳೇ. ಬೆರಳಿನಿಂದ ಮಂಚದ ಕಂಬಿ ಬಡಿದೆ. ನನಗೆ ನಿದ್ದೆಯ ಇಂಜೆಕ್ಷನ್ ಕೊಟ್ಟರು. ಎಚ್ಚರವಾದಾಗ ಪರದೆ ಸರಿಸಿದ್ದರು, ಮುದುಕಿಯ ಹಾಸಿಗೆ ಖಾಲಿಯಾಗಿತ್ತು.

ಇದಾಗಿ ಎರಡು ವರ್ಷ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಡೊಂಬಿವಲಿಯ ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಮೂರಕ್ಕೆ, ಕಿಟಕಿಯ ಬಿಸಿಲಲ್ಲಿ ಕೂತಿದ್ದರೂ ನನ್ನ ಎಡಗಡೆ ತಣ್ಣಗಾಗುತ್ತದೆ. ಸ್ಪಿರಿಟ್ಟಿನ ವಾಸನೆ ಬರುತ್ತದೆ. ಆಮೇಲೆ ಆ ದನಿ. ನಾನು ಲೋಟದಲ್ಲಿ ನೀರಿಟ್ಟು ಕಾಯುತ್ತೇನೆ. ದನಿ ನಿಲ್ಲುವುದಿಲ್ಲ, ಲೋಟದ ನೀರು ಹಾಗೇ ಇರುತ್ತದೆ.

"ಆ ದವಾಖಾನಿ ಇನ್ನಾ ನಿನ್ನ ತಲ್ಯಾಗ ಐತಿ, ಸುಲೋಚನಾ. ಡಾಕ್ಟರೂ ಅದನ್ನ ಅಂದಾರಲ್ಲ," ಅನ್ನುತ್ತಾರೆ ಯಜಮಾನರು. ನಾನೂ ಹಾಗೇ ನಂಬಿದ್ದೆ.

ಹೋದ ಗುರುವಾರ ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದ ಮರಾಠಿ ಹೆಂಗಸು ಬಾಗಿಲಲ್ಲಿ ನಿಂತು, ಸಂಕೋಚದಿಂದ ತಮ್ಮ ಭಾಷೆಯಲ್ಲೇ ಕೇಳಿದರು. "ನಿಮ್ಮ ಮನೆಯಲ್ಲಿ ನೀರಾ ಯಾರು? ದಿನಾ ಮಧ್ಯಾಹ್ನ ಅಜ್ಜಿ ಅಷ್ಟು ಕರೀತಾರೆ. ಒಂದು ಸಲವಾದರೂ ಅವಳು ಓ ಅನ್ನಬಾರದಾ?"